ಮಾಡಿನ ಕೆಳಗೆ ಹೇಳಬಾರದ ಇಂಗ್ಲಿಷ್

ನಮ್ಮ ಮನೆಯಲ್ಲಿ 'ಇಲ್ಲ' ಎನ್ನುವ ಶಬ್ದವೇ ಇರಲಿಲ್ಲ. ಇದೇ ವಾಕ್ಯವನ್ನು ಅಜ್ಜಿಯ ಎದುರು ಹೇಳಿದ್ದರೆ ಬೆನ್ನಿಗೆ ಎರಡು ಬೀಳುತ್ತಿತ್ತು. ಅದರಲ್ಲಿ ಆ ಶಬ್ದ ಎರಡು ಸಲ ಬಂದುಬಿಟ್ಟಿದೆ ನೋಡಿ.

ಕಾಪುವಿನಲ್ಲಿ, ಸಮುದ್ರಕ್ಕೆ ಹತ್ತು ನಿಮಿಷ ನಡೆಯುವಷ್ಟು ದೂರದಲ್ಲಿದ್ದ ಆ ಹಂಚಿನ ಮನೆಯಲ್ಲಿ ಇದ್ದವರು ನಾವು ಮೂವರು. ಅಜ್ಜಿ, ಅಮ್ಮನ ತಂಗಿಯಾದ ಚಿಕ್ಕಮ್ಮ, ಮತ್ತು ಒಂಬತ್ತನೆಯ ತರಗತಿಯ ನಾನು. ಅಪ್ಪ ಅಮ್ಮ ಬೊಂಬಾಯಿಯಲ್ಲಿದ್ದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಜ್ಜಿಯ ನಂಬಿಕೆ ಏನೆಂದರೆ, ಪ್ರತಿ ಮನೆಯ ಮಾಡಿನ, ಅಂದರೆ ಸೂರಿನ ಕೆಳಗೆ, ಹಂಚಿಗೂ ಪಕ್ಕಾಸಿಗೂ ನಡುವೆ ಎಲ್ಲೋ, ಅಸ್ತು ದೇವತೆಗಳು ಕುಳಿತಿರುತ್ತವೆ. ನಾವು ಏನು ಆಡಿದರೂ ಅವು 'ಅಸ್ತು' ಅನ್ನುತ್ತವೆ, ಹಾಗೆಯೇ ಆಗಿಬಿಡುತ್ತದೆ. 'ಅಕ್ಕಿ ಇಲ್ಲ' ಅಂದಿರೋ, ಅಸ್ತು, ಮರುದಿನದಿಂದ ನಿಜವಾಗಿಯೂ ಇಲ್ಲ. ದೀಪ ಹಚ್ಚುವ ಹೊತ್ತಿನಲ್ಲಂತೂ ಅವುಗಳ ಕಿವಿ ಬಲು ಚುರುಕು.

ಹಾಗಾಗಿ ನಮ್ಮಲ್ಲಿ ಅಕ್ಕಿ ಮುಗಿದರೆ 'ಅಕ್ಕಿ ತುಂಬಿದೆ' ಎನ್ನಬೇಕು. ಎಣ್ಣೆ ಮುಗಿದರೆ 'ಎಣ್ಣೆ ಹೆಚ್ಚಾಗಿದೆ'. ಶುಭಕಾರ್ಯದ ಮಾತು ಬಂದಾಗ 'ಬೇಡ' ಅನ್ನುವುದೂ ನಿಷಿದ್ಧ. ಒಮ್ಮೆ ಘಟ್ಟದ ಮೇಲಿನಿಂದ ಹೊಸದಾಗಿ ಬಂದ ಮಾಸ್ತರರ ಹೆಂಡತಿ ಒಂದು ಅಚ್ಚು ಬೆಲ್ಲ ಕೇಳಿಕೊಂಡು ಬಂದರು. "ಬೆಲ್ಲ ತುಂಬಿದೆ ಮಾರಾಯ್ತಿ" ಎಂದರು ಅಜ್ಜಿ. ಆಕೆ ಸಂತೋಷದಿಂದ ಬಟ್ಟಲು ಚಾಚಿ ನಿಂತರು. ಅಜ್ಜಿಯೂ ನಗುತ್ತಾ ನಿಂತರು. ಇಬ್ಬರೂ ಹಾಗೆ ನಗುತ್ತಾ ಎಷ್ಟು ಹೊತ್ತು ನಿಂತಿದ್ದರೋ, ಕೊನೆಗೆ ನಾನೇ ಆಕೆಯ ಕೈಹಿಡಿದು ಬೇಲಿಯ ತಡಮೆ ದಾಟಿಸಿ, ರಸ್ತೆಯಲ್ಲಿ ನಿಂತು ಕಿವಿಯಲ್ಲಿ, "ಬೆಲ್ಲ ಇಲ್ಲ" ಎಂದೆ. ತಡಮೆ ದಾಟಿದ ಮೇಲೆ ಏನು ಬೇಕಾದರೂ ಹೇಳಬಹುದಿತ್ತು. ದೇವತೆಗಳ ಹದ್ದು ಅಲ್ಲಿಗೆ ಮುಗಿಯುತ್ತಿತ್ತು.

ಮನೆಯ ಮಾತು ತುಳು. ನಿಷೇಧ ಮೊದಲು ಬಿದ್ದದ್ದು ತುಳುವಿನ 'ಇಜ್ಜಿ'ಗೆ. ಅಸ್ತು ದೇವತೆಗಳಿಗೆ ಕನ್ನಡವೂ ಬರುತ್ತದೆ ಎಂದು ಅಜ್ಜಿ ಎಂದೋ ತೀರ್ಮಾನಿಸಿದ್ದರು. ಇಂಗ್ಲಿಷ್ ಬರುತ್ತದೆಯೋ ಎನ್ನುವ ಪ್ರಶ್ನೆ ಮಾತ್ರ ಚಿಕ್ಕಮ್ಮನ ಪರೀಕ್ಷೆಯವರೆಗೂ ಎದ್ದಿರಲಿಲ್ಲ.

ಚಿಕ್ಕಮ್ಮ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಬೆಳಿಗ್ಗೆ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಗುಡ್ಡ ಹತ್ತಲು ಇನ್ನೊಂದು. ಓದಿದ್ದು ಏಳನೆಯ ತರಗತಿ. ವಯಸ್ಸು ಮೂವತ್ತು ದಾಟಿತ್ತು. ಆ ವರ್ಷ ಆಸ್ಪತ್ರೆಯಲ್ಲಿ ವಾರ್ಡ್ ಕ್ಲರ್ಕಿನ ಜಾಗ ಒಂದು ಖಾಲಿಯಾಯಿತು. ಮೇಜು, ಕುರ್ಚಿ, ರೋಗಿಗಳ ಕಾಗದಪತ್ರ ನೋಡುವ ಕೆಲಸ. ಇಂಗ್ಲಿಷಿನ ಒಂದು ಪರೀಕ್ಷೆ ಪಾಸು ಮಾಡಿದರೆ ಆಯಾಗಳಿಗೂ ಕೊಡುತ್ತೇವೆ ಎಂದರು ಮೇಟ್ರನ್. ಚಿಕ್ಕಮ್ಮ ಅಂದು ಬಸ್ಸಿಳಿದು ಓಡಿಕೊಂಡು ಮನೆಗೆ ಬಂದದ್ದು ನನಗೆ ನೆನಪಿದೆ. ಒಂದು ಚಪ್ಪಲಿ ಕೈಯಲ್ಲಿತ್ತು.

ಅದೇ ತಿಂಗಳು ಕಾರ್ಕಳದಿಂದ ಒಂದು ಸಂಬಂಧವೂ ಬಂದಿತ್ತು. ಅಕ್ಕಿ ಮಿಲ್ಲಿನ ಯಜಮಾನ, ಹೆಂಡತಿ ತೀರಿಕೊಂಡವನು. ಕೆಟ್ಟವನೇನಲ್ಲ. ಚಾವಡಿಯಲ್ಲಿ ಕುಳಿತು ಎರಡು ಲೋಟ ಎಳನೀರು ಕುಡಿದು, ಮಿಲ್ಲಿನ ಹೊಸ ಯಂತ್ರದ ಬಗ್ಗೆ ಒಂದು ಗಂಟೆ ಮಾತಾಡಿದ. ಚಿಕ್ಕಮ್ಮನಿಗೆ ಅವನೂ ಬೇಡ, ಯಂತ್ರವೂ ಬೇಡ. ಆದರೆ ಮಾಡಿನ ಕೆಳಗೆ ಮದುವೆಯ ಮಾತಿಗೆ 'ಬೇಡ' ಎನ್ನುವುದು ಹೇಗೆ? ಬಂದವರಿಗೆ ಅಜ್ಜಿ, "ಒಂದು ತಿಂಗಳೊಳಗೆ ಹೇಳಿ ಕಳಿಸ್ತೇವೆ" ಎಂದರು. ಅವರು ಹೋದ ಮೇಲೆ ಚಿಕ್ಕಮ್ಮ ಪರೀಕ್ಷೆಯ ಮಾತೆತ್ತಿದಾಗ, "ಮೊದಲು ಪಾಸಾಗು. ಮತ್ತೆ ಮಾತಾಡುವ. ಸೋತರೆ ಕಾರ್ಕಳವೇ" ಎಂದರು. ಚಿಕ್ಕಮ್ಮ ತಲೆಯಾಡಿಸಿದಳು. ಉಳಿದದ್ದು ಇಪ್ಪತ್ತಾರು ದಿನ.

ಗುರುವಿನ ಸ್ಥಾನ ನನಗೆ ಬಂತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಗಲಲ್ಲೇ ಹಿಡಿದೆ. ಅಡಿಕೋಲು ತಂದೆ, ಕೆಂಪು ಶಾಯಿ ತಂದೆ, ನನಗಿಂತ ಹದಿನೇಳು ವರ್ಷ ದೊಡ್ಡವಳಾದ ಚಿಕ್ಕಮ್ಮನಿಗೆ "ಕೈಕಟ್ಟಿ ಕೂತ್ಕೋ" ಎಂದೆ. ಅವಳು ಕೈಕಟ್ಟಿ ಕೂತಳು, ಪಾಪ.

ಮೇಟ್ರನ್ ಕೊಟ್ಟಿದ್ದ ಟೈಪು ಮಾಡಿದ ಹಾಳೆಗಳಲ್ಲಿ ಆಸ್ಪತ್ರೆಯ ಬೋರ್ಡುಗಳಲ್ಲಿ, ಔಷಧಿಯ ಶೀಶೆಗಳ ಮೇಲೆ, ರೋಗಿಯ ಕಾಗದಗಳಲ್ಲಿ ಬರುವ ಪದಗಳಿದ್ದವು. ನೋಡಿದರೆ ಅರ್ಧಕ್ಕರ್ಧ ಪದಗಳು 'ಅನ್', 'ಇನ್', 'ಇಮ್', 'ಇರ್', 'ಡಿಸ್', 'ನಾನ್' ಎಂದು ಶುರುವಾಗುತ್ತಿದ್ದವು. ನನಗೆ ಹಬ್ಬವೇ ಹಬ್ಬ. ಶಾಲೆಯಲ್ಲಿ ಆ ವಾರವಷ್ಟೇ ನಮ್ಮ ಇಂಗ್ಲಿಷ್ ಟೀಚರು ಇದನ್ನು ಹೇಳಿಕೊಟ್ಟಿದ್ದರು. ಪದದ ತಲೆಗೆ ಒಂದು ಟೊಪ್ಪಿ ಇಟ್ಟರೆ ಸಾಕು, ಪದ ತಿರುಗಿ ನಿಲ್ಲುತ್ತದೆ. 'ಹ್ಯಾಪಿ' ಸಂತೋಷ, 'ಅನ್‌ಹ್ಯಾಪಿ' ದುಃಖ. 'ಪಾಸಿಬಲ್' ಆಗುವಂಥದ್ದು, 'ಇಂಪಾಸಿಬಲ್' ಆಗದ್ದು. ಒಂದು ಪದ ಕಲಿತರೆ ಎರಡು ಕೈಸೇರುವ ವ್ಯಾಪಾರ ಇದು. ಚಿಕ್ಕಮ್ಮನಿಗೆ ಆರು ಟೊಪ್ಪಿ ಕಲಿಸಿದರೆ ಅರ್ಧ ಪರೀಕ್ಷೆ ಮುಗಿದ ಹಾಗೆ ಎಂದು ನಾನು ಕುಣಿದಾಡಿದೆ.

ಮೊದಲ ಪಾಠ ದೀಪ ಹಚ್ಚಿದ ಮೇಲೆ ಚಾವಡಿಯಲ್ಲಿ ಶುರುವಾಯಿತು. ಅಜ್ಜಿ ಪಕ್ಕದಲ್ಲೇ ಕುಳಿತು ಹತ್ತಿಯ ಬತ್ತಿ ಹೊಸೆಯುತ್ತಿದ್ದರು.

"ಇನ್‌ಕ್ಯೂರೇಬಲ್" ಎಂದೆ ನಾನು.

"ಇನ್‌ಕ್ಯೂರೇಬಲ್" ಎಂದಳು ಚಿಕ್ಕಮ್ಮ.

"ಹಾಗಂದ್ರೆ ಎಂತದು?" ಎಂದರು ಅಜ್ಜಿ.

"ಗುಣವೇ ಆಗದ ಕಾಯಿಲೆ ಅಜ್ಜೀ."

ಬತ್ತಿ ಹೊಸೆಯುವ ಕೈ ನಿಂತಿತು. ನನಗೆ ಉಮೇದಿನಲ್ಲಿ ಗೊತ್ತೇ ಆಗಲಿಲ್ಲ. 'ಇನ್‌ಫರ್ಟೈಲ್' ಅಂದರೆ ಬಂಜೆ ಎಂದೆ. 'ಇನ್‌ಸೇನ್' ಅಂದರೆ ಬುದ್ಧಿ ಕೆಟ್ಟವನು ಎಂದೆ. 'ಅನ್‌ಲಕ್ಕಿ' ಅಂದರೆ ಅದೃಷ್ಟ ಇಲ್ಲದವಳು ಎಂದೆ, ಅದೂ ಚಿಕ್ಕಮ್ಮನ ಕಡೆಗೆ ಅಡಿಕೋಲು ತೋರಿಸಿ.

"ಮುಚ್ಚು ಬಾಯಿ!" ಅಜ್ಜಿ ಎದ್ದೇಬಿಟ್ಟರು. "ದೀಪದ ಎದುರು ಕೂತ್ಕೊಂಡು ಎಂಥ ಎಂಥ ಮಾತು ಆಡ್ತೀಯ ಹೆಣ್ಣೇ! ಮನೆ ಉಳೀಬೇಕಾ ಅಳೀಬೇಕಾ?"

"ಅದು ಇಂಗ್ಲಿಷ್ ಅಜ್ಜೀ. ಅಸ್ತು ದೇವತೆಗಳಿಗೆ ಇಂಗ್ಲಿಷ್ ಎಲ್ಲಿಂದ ಬರ್ಬೇಕು?"

"ಬ್ರಿಟಿಷರು ಅಷ್ಟು ವರ್ಷ ಇಲ್ಲೇ ಇದ್ದದ್ದು ಎಂತಕ್ಕೆ? ಕಲ್ತಿರ್ತಾವೆ" ಎಂದರು ಅಜ್ಜಿ.

ಹಾಳೆಗಳನ್ನು ಅಜ್ಜಿ ಕಿತ್ತುಕೊಂಡು ಅಕ್ಕಿಮುಡಿಯ ಮೇಲಿಟ್ಟರು. ಚಿಕ್ಕಮ್ಮ ಗೋಡೆ ಕಡೆ ತಿರುಗಿ ಮಲಗಿದಳು. ಅವಳು ಅಳುತ್ತಿದ್ದಾಳೆಂದು ನನಗೆ ಗೊತ್ತಾಯಿತು, ನನ್ನ ಮೇಲೆ ನನಗೇ ಸಿಟ್ಟು ಬಂತು. ಕೊಡೆ ಮಡಚಿ ಯೋಚಿಸಿದೆ.

ಮರುದಿನ ಬೆಳಿಗ್ಗೆ ಅಜ್ಜಿ ಗಂಜಿ ಬಡಿಸುವಾಗ ಕೇಳಿದೆ. "ಅಜ್ಜೀ, ಅಮೃತ ಒಳ್ಳೆಯದಾ ಕೆಟ್ಟದಾ?"

"ಎಂಥ ಪ್ರಶ್ನೆ ಅದು!"

"ಮೃತ ಅಂದ್ರೆ ಸತ್ತದ್ದು. ಅದಕ್ಕೆ ಒಂದು 'ಅ' ಇಟ್ಟದ್ದಕ್ಕೆ ಅಲ್ವಾ ಅಮೃತ ಆದದ್ದು? ಭಯಕ್ಕೆ 'ಅ' ಇಟ್ರೆ ಅಭಯ. ಕ್ಷಯಕ್ಕೆ ಇಟ್ರೆ ಅಕ್ಷಯ. ನಿಮ್ಮ ದೇವರ ಹತ್ರ ಇರುವುದೆಲ್ಲ ಟೊಪ್ಪಿ ಇಟ್ಟ ಪದಗಳೇ."

ಅಜ್ಜಿ ಸೌಟು ಹಿಡಿದುಕೊಂಡೇ ನಿಂತರು. ಕೆಟ್ಟದ್ದಕ್ಕೆ ಟೊಪ್ಪಿ ಇಟ್ಟರೆ ಒಳ್ಳೆಯದಾಗುತ್ತದೆ ಎನ್ನುವುದು ಅವರಿಗೆ ಬಹಳ ಹಿಡಿಸಿತು. ಹಾಗಾದರೆ ಒಂದೊಂದೇ ಪದ ತಂದು ನನ್ನ ಮುಂದೆ ಹೇಳಿ, ಯಾವುದು ಒಳಗೆ ಯಾವುದು ಹೊರಗೆ ನಾನು ಹೇಳ್ತೇನೆ ಎಂದರು. ಒಳಗಿನ ಪದಗಳನ್ನು ದೀಪದ ಎದುರು ಓದಬಹುದು. ಹೊರಗಿನವನ್ನು ತಡಮೆ ದಾಟಿ ಓದಬೇಕು. ಹಾಗೆ ನಮ್ಮ ಮನೆಯಲ್ಲಿ ಇಂಗ್ಲಿಷ್ ಪದಗಳ ಕೋರ್ಟು ಶುರುವಾಯಿತು.

ನಮ್ಮಿಬ್ಬರಿಗೂ ರಜೆಯಿದ್ದ ಮೂರು ಹಗಲು, ತಡಮೆಯ ಆಚೆ ಚಾಪೆ ಹಾಸಿ, ವಿಚಾರಣೆ ನಡೆಯಿತು. ನನ್ನ ಜೀವನದಲ್ಲಿ ಅಷ್ಟು ನಕ್ಕ ದಿನಗಳು ಮತ್ತೆ ಬಂದದ್ದು ಕಡಿಮೆ. 'ಡಿಸ್‌ಇನ್‌ಫೆಕ್ಟ್', ಅಂದರೆ ರೋಗದ ಹುಳ ಓಡಿಸುವುದು. "ಒಳಗೆ. ಎರಡೆರಡು ಸಲ ಹೇಳಿ." 'ಇಂಡಿಪೆಂಡೆಂಟ್', ಇನ್ನೊಬ್ಬರ ಕೈ ಕಾಯದೆ ಇರುವುದು. ಅಜ್ಜಿ ಚಿಕ್ಕಮ್ಮನನ್ನೊಮ್ಮೆ ಓರೆಗಣ್ಣಿನಲ್ಲಿ ನೋಡಿ, "ಒಳಗೆ" ಎಂದರು. 'ಅನ್‌ಕಾನ್ಷಿಯಸ್', ಎಚ್ಚರ ತಪ್ಪಿದ್ದು. "ಹೊರಗೆ." 'ಇಂಡೈಜೆಶನ್', ಅಜೀರ್ಣ. ಇದಕ್ಕೆ ಅಜ್ಜಿ ಹೊಟ್ಟೆ ಸವರಿಕೊಂಡು ಬಹಳ ಯೋಚನೆ ಮಾಡಿದರು. ಅದು ಅವರದ್ದೇ ಕಾಯಿಲೆ, ನಲವತ್ತು ವರ್ಷದ ಒಡನಾಟ. "ಅದು ಹೇಗೂ ಒಳಗೆ ಉಂಟಲ್ಲ, ಇರಲಿ" ಎಂದರು.

'ನಾನ್-ವೆಜ್' ಬಂದಾಗ ಕೋರ್ಟಿನಲ್ಲಿ ಗಲಾಟೆಯೇ ಆಯಿತು. ರೋಗಿಗಳ ಊಟದ ಚೀಟಿಯಲ್ಲಿ ಆ ಪದ ಇರುತ್ತಿತ್ತು. ಮೀನು ಮಾಂಸಕ್ಕೆ ಹಾಗೆ ಅನ್ನುತ್ತಾರೆ, ತರಕಾರಿ ಅಲ್ಲದ್ದು ಎಂದು ಅರ್ಥ ಎಂದೆ. ಅಜ್ಜಿ ಕೆಂಡವಾದರು. "ಬಂಗುಡೆಗೆ 'ಅಲ್ಲದ್ದು' ಅಂತ ಹೆಸರಾ? ಮಲ್ಪೆಯ ದೋಣಿ ದಕ್ಕೆಯಲ್ಲಿ ಬೆಳಿಗ್ಗೆ ಬಂದು ರಾಶಿ ಬೀಳುವ ಅಂಜಲ್ ಮೀನು ಇವರಿಗೆ 'ಅಲ್ಲದ್ದು'! ಹಾಗಾದರೆ ಬಸಳೆಗೆ 'ಮೀನಲ್ಲದ್ದು' ಅನ್ನಲಿ!" ಇಡೀ ದಿನ ಅವರ ಸಿಟ್ಟು ಇಳಿಯಲಿಲ್ಲ. ಮಧ್ಯಾಹ್ನ ನಮಗೆ ಬಸಳೆ ಸಾರು ಬಡಿಸುವಾಗ, "ತಗೊಳ್ಳಿ, ನಾನ್-ಮೀನು" ಎಂದರು. ಚಿಕ್ಕಮ್ಮನಿಗೆ ನಗು ತಡೆಯಲಾಗದೆ ಅನ್ನ ನೆತ್ತಿಗೇರಿತು.

ಅಜ್ಜಿಯ ಮನಸ್ಸನ್ನು ಪೂರ್ತಿ ಗೆದ್ದದ್ದು 'ಇನ್‌ವ್ಯಾಲ್ಯುಯಬಲ್'. 'ವ್ಯಾಲ್ಯು' ಅಂದರೆ ಬೆಲೆ. ಟೊಪ್ಪಿ ಇಟ್ಟ ಮೇಲೆ ಬೆಲೆ ಇಲ್ಲದ್ದು ಎಂದಾಗಬೇಕಿತ್ತು. ಆದರೆ ಅರ್ಥ ಹಾಗಲ್ಲ, ಬೆಲೆ ಕಟ್ಟಲಾಗದಷ್ಟು ದೊಡ್ಡದು, ಅಮೂಲ್ಯ. ಅಜ್ಜಿ ಕೇಳಿ ಕೈತಟ್ಟಿದರು. "ನೋಡು, ನಮ್ಮ 'ಅಕ್ಕಿ ತುಂಬಿದೆ' ಹಾಗೆಯೇ! ಇಂಗ್ಲಿಷಿನವರ ಮನೆಯಲ್ಲೂ ಒಬ್ಬಳು ಅಜ್ಜಿ ಇದ್ದಿರಬೇಕು" ಎಂದರು. ಅಂದಿನಿಂದ ನನಗೂ ಆ ಇಂಗ್ಲಿಷ್ ಅಜ್ಜಿಯ ಮೇಲೆ ಪ್ರೀತಿ ಬಂತು.

ಒಳಗಿನ ಪದಗಳು ಒಂದೂವರೆ ಹಾಳೆಯಾದವು. ಹೊರಗಿನವು ನಾಲ್ಕು. ಆಸ್ಪತ್ರೆಯಲ್ಲವೇ, ಅಲ್ಲಿ ಒಳ್ಳೆಯ ಸುದ್ದಿಗೆ ಎಷ್ಟು ಪದ ಬೇಕು? ತಡಮೆಯ ಆಚೆ ರಸ್ತೆಯಲ್ಲಿ ನಿಂತು ಓದಿದರೆ ಹೋಗುವವರು ಬರುವವರು ನಿಂತು ಕೇಳುತ್ತಿದ್ದರು. ಅಜ್ಜಿಯೇ ದಾರಿ ತೋರಿಸಿದರು. "ಕಡಲ ಬದಿಗೆ ಹೋಗಿ. ತೆರೆಯ ಸದ್ದಿಗೆ ದೇವತೆಗಳ ಕಿವಿ ಮುಚ್ಚಿರ್ತದೆ. ಎಷ್ಟು ಬೇಕಾದರೂ ಬೊಬ್ಬೆ ಹಾಕಿ."

ಹಾಕಿದೆವು. ಚಿಕ್ಕಮ್ಮ ಕೆಲಸ ಮುಗಿಸಿ ಐದೂವರೆಗೆ ಬಸ್ಸಿಳಿದರೆ ಸೀದಾ ಸಮುದ್ರಕ್ಕೆ. ದೀಪಸ್ತಂಭದ ಬಂಡೆಯಿಂದ ಸ್ವಲ್ಪ ಆಚೆ, ಒದ್ದೆ ಮರಳಿನಲ್ಲಿ, ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತಿದ್ದೆವು. ತೆರೆಯ ಸದ್ದಿನಲ್ಲಿ ಮೆಲ್ಲ ಹೇಳಿದರೆ ನಮಗೇ ಕೇಳುತ್ತಿರಲಿಲ್ಲ. ಹಾಗಾಗಿ ಎದೆ ತುಂಬ ಉಸಿರೆಳೆದು ಕೂಗಬೇಕಿತ್ತು. "ಇನ್‌ಕ್ಯೂರೇಬಲ್!" ಎಂದು ನಾನು ಕೂಗಿದರೆ, "ಗುಣ ಆಗುವುದಿಲ್ಲ!" ಎಂದು ಚಿಕ್ಕಮ್ಮ ಅರಬ್ಬೀ ಸಮುದ್ರಕ್ಕೆ ಹೇಳುತ್ತಿದ್ದಳು. "ಇಮ್ಮೊಬೈಲ್!" "ಅಲ್ಲಾಡ್ಲಿಕ್ಕೆ ಆಗುವುದಿಲ್ಲ!" "ಅನ್‌ಫಿಟ್!" "ಯಾವುದಕ್ಕೂ ಆಗುವುದಿಲ್ಲ!" ಮನೆಯಲ್ಲಿ ಹುಟ್ಟಿದಾರಭ್ಯ 'ಇಲ್ಲ' ಎನ್ನದ ಬಾಯಿ ಅದು. ಒಂದು ವಾರದಲ್ಲಿ ಎಷ್ಟು ಸಾವಿರ ಇಲ್ಲಗಳನ್ನು ಹೇಳಿತೋ. ಹೇಳುತ್ತಾ ಹೇಳುತ್ತಾ ಚಿಕ್ಕಮ್ಮನ ಮುಖವೇ ಬದಲಾಗುತ್ತಿತ್ತು. ಕೆನ್ನೆ ಕೆಂಪಾಗಿ, ಕೂದಲು ಬಿಚ್ಚಿ, ಸೀರೆಯ ನೆರಿಗೆ ಒದ್ದೆಯಾಗಿ, ಅವಳು ನಗುತ್ತಿದ್ದಳು. ಒಮ್ಮೆ ಹಾಳೆಯಲ್ಲಿ ಇರದ್ದನ್ನೂ ಕೂಗಿದಳು. "ಕಾರ್ಕಳ ಇಲ್ಲ! ಮಿಲ್ಲು ಇಲ್ಲ! ಮಿಷನ್ನು ಇಲ್ಲ!"

ಬಲೆ ಎಳೆಯುತ್ತಿದ್ದ ಮೀನುಗಾರರು ಮೊದಲು ನಾವು ಜಗಳಾಡುತ್ತಿದ್ದೇವೆ ಎಂದುಕೊಂಡರು. ಒಬ್ಬರು ಹತ್ತಿರ ಬಂದು, "ಎಂತ ಮಾರಾಯ್ತಿ, ಸಣ್ಣ ಹುಡುಗಿಯ ಹತ್ರ ಎಂತಕ್ಕೆ ಜೋರು?" ಎಂದು ಕೇಳಿದರು. ಪರೀಕ್ಷೆ ಎಂದು ಗೊತ್ತಾದ ಮೇಲೆ ಎಲ್ಲರಿಗೂ ಉತ್ಸಾಹ. ಮೀನು ಒಣಗಿಸುತ್ತಿದ್ದ ಹೆಂಗಸು ಒಬ್ಬಳು 'ಇಂಪಾಸಿಬಲ್' ಎನ್ನುವುದನ್ನು ಕಲಿತುಕೊಂಡು, ಕಡಿಮೆಗೆ ಕೇಳಿದ ಗಿರಾಕಿಗಳಿಗೆಲ್ಲ ಅದನ್ನೇ ಹೇಳತೊಡಗಿದಳು. ಅವರು ಹೆದರಿ ಕೇಳಿದ್ದನ್ನು ಕೊಟ್ಟು ಹೋಗುತ್ತಿದ್ದರು.

ಹೀಗೆ ಇಪ್ಪತ್ತು ದಿನ. ದೀಪದ ಎದುರು ಮೆಲುದನಿಯ ಇಂಗ್ಲಿಷ್, ಕಡಲ ಎದುರು ಬೊಬ್ಬೆಯ ಇಂಗ್ಲಿಷ್. ಈ ಕ್ರಮದಲ್ಲಿ ಒಂದು ದೊಡ್ಡ ತಪ್ಪು ಅಡಗಿದೆ ಎಂದು ಗುರುವಾದ ನನಗೂ ಹೊಳೆಯಲಿಲ್ಲ.

ಪರೀಕ್ಷೆ ಒಂದು ಶನಿವಾರ. ನನಗೆ ಅರ್ಧ ದಿನ ಶಾಲೆ. ಚಿಕ್ಕಮ್ಮ ಕೈ ಬಿಡದ ಕಾರಣ ಅದನ್ನೂ ತಪ್ಪಿಸಿ ಜೊತೆಗೆ ಹೋದೆ. ಬೆಳಿಗ್ಗೆ ಬರೆಯುವ ಪರೀಕ್ಷೆ ಮುಗಿಯಿತು. "ಎಲ್ಲ ಬರೆದೆ, ಒಂದೂ ಬಿಡಲಿಲ್ಲ" ಎಂದು ಕುಣಿಯುತ್ತಾ ಬಂದಳು. ದೇವತೆಗಳ ತಕರಾರು ನಾಲಿಗೆಯ ಬಗ್ಗೆ ಮಾತ್ರ, ಪೆನ್ನಿನ ಬಗ್ಗೆ ಅಲ್ಲವಲ್ಲ. ಮಧ್ಯಾಹ್ನ ಮೇಟ್ರನ್ ಕೋಣೆಯಲ್ಲಿ ಬಾಯಿಪರೀಕ್ಷೆ. ನಾನು ಹೊರಗಿನ ಬೆಂಚಿನಲ್ಲಿ ಕುಳಿತೆ. ಬಾಗಿಲು ತೆರೆದೇ ಇತ್ತು. ಒಳಗೆ ಮೇಟ್ರನ್, ಮತ್ತು ಚಹದ ಕಪ್ಪು ಹಿಡಿದ ಒಬ್ಬರು ಹಿರಿಯ ಡಾಕ್ಟರು. ಕೋಣೆಯ ಗೋಡೆಗೆ ತಾಗಿಯೇ ಹೆಂಗಸರ ವಾರ್ಡು.

ಮೇಟ್ರನ್ ಉಡುಪಿಯ ಕಡೆಯವರೇ, ಮನೆಯಲ್ಲಿ ಕೊಂಕಣಿ ಆಡುವ ಗಟ್ಟಿ ಹೆಂಗಸು. ಒಂದೊಂದೇ ಚೀಟಿ ತೋರಿಸಿದರು. 'ಡಿಸ್‌ಇನ್‌ಫೆಕ್ಟ್'. ಚಿಕ್ಕಮ್ಮ ಪಟ್ಟನೆ ಹೇಳಿದಳು. 'ಇಂಡಿಪೆಂಡೆಂಟ್'. ಹೇಳಿದಳು. 'ಇನ್‌ವ್ಯಾಲ್ಯುಯಬಲ್'. ಹೇಳಿ, ನಗುವನ್ನೂ ಸೇರಿಸಿದಳು. ನಾನು ಬೆಂಚಿನಲ್ಲಿ ತೊಡೆ ತಟ್ಟಿಕೊಂಡೆ.

ಮುಂದಿನ ಚೀಟಿ 'ಇನ್‌ಕ್ಯೂರೇಬಲ್'.

ಚಿಕ್ಕಮ್ಮ ಬಾಯಿ ತೆರೆದಳು. ಕಣ್ಣು ಮೇಲೆ ಹೋಯಿತು, ಮಾಡಿನ ಕಡೆಗೆ. ಬಾಯಿ ಮುಚ್ಚಿತು.

"ಗೊತ್ತಿಲ್ವಾ?" ಎಂದರು ಮೇಟ್ರನ್.

"ಗೊತ್ತುಂಟು ಸಿಸ್ಟರ್."

"ಮತ್ತೆ ಹೇಳು."

ಹೇಳಲಾಗಲಿಲ್ಲ. ಆಗ ನನಗೆ ನಮ್ಮ ತಪ್ಪು ಹೊಳೆಯಿತು. ಚಿಕ್ಕಮ್ಮ ಆ ಪದವನ್ನು ಕಡಲ ಬದಿ ಬಿಟ್ಟು ಬೇರೆಲ್ಲೂ ಹೇಳಿ ಅಭ್ಯಾಸವೇ ಮಾಡಿರಲಿಲ್ಲ. ನಾಲ್ಕು ಹಾಳೆಯ ಪದಗಳು ಅವಳಿಗೆ ಬರುತ್ತಿದ್ದವು, ಆದರೆ ಮಾಡಿನ ಕೆಳಗೆ ಬರುತ್ತಿರಲಿಲ್ಲ. ಮೇಟ್ರನ್ ಇನ್ನೊಂದು ಚೀಟಿ ತೋರಿಸಿದರು, ಮತ್ತೊಂದು ತೋರಿಸಿದರು. ಚಿಕ್ಕಮ್ಮ ಬೆವರು ಒರೆಸಿಕೊಂಡಳು. ಇವಳು ಇಲ್ಲಿ ಸೋತರೆ ಕಾರ್ಕಳ, ಆ ಪಾಪ ನನ್ನ ತಲೆಗೆ ಎಂದು ನನಗೆ ಅಳುವೇ ಬಂತು.

"ಸಿಸ್ಟರ್," ಎಂದಳು ಚಿಕ್ಕಮ್ಮ ಸಣ್ಣ ದನಿಯಲ್ಲಿ, "ಹೊರಗೆ ಬಂದು ಹೇಳ್ಬಹುದಾ?"

"ಹೊರಗೆ ಎಂತಕ್ಕೆ?"

"ಮಾಡಿನ ಕೆಳಗೆ ಇಂಥದ್ದೆಲ್ಲ ಹೇಳ್ಬಾರದು ಸಿಸ್ಟರ್. ಗೋಡೆಯ ಆಚೆ ಜನ ಮಲಗಿದ್ದಾರೆ."

ಮೇಟ್ರನ್ ಡಾಕ್ಟರರನ್ನು ನೋಡಿದರು. ಡಾಕ್ಟರರು ಚಹವನ್ನು ನೋಡಿದರು. ಆಮೇಲೆ ಡಾಕ್ಟರರು ಕಪ್ಪು ಹಿಡಿದು, ಮೇಟ್ರನ್ ಚೀಟಿಗಳ ಕಟ್ಟು ಹಿಡಿದು ಎದ್ದರು. "ಬಾ, ಅದೂ ಒಂದು ನೋಡುವ" ಎಂದರು.

ಹೊರಗೆ ಅಂಗಳದಲ್ಲಿ ಒಂದು ಗೇರುಮರವಿತ್ತು. ಅದರಾಚೆ ಗುಡ್ಡ ಇಳಿಯುತ್ತದೆ, ಮೋಡ ಇಲ್ಲದ ದಿನ ದೂರದಲ್ಲಿ ಸಮುದ್ರದ ನೀಲಿ ಗೆರೆ ಕಾಣುತ್ತದೆ. ಅಂದು ಕಾಣುತ್ತಿತ್ತು. ಅದನ್ನು ನೋಡಿದ್ದೇ ಚಿಕ್ಕಮ್ಮ ಪಡುವಣಕ್ಕೆ ಮುಖ ಮಾಡಿ, ಕಾಲು ಅಗಲಿಸಿ ನಿಂತಳು. ಎದೆ ತುಂಬ ಉಸಿರೆಳೆದಳು. ಅಯ್ಯೋ ಎಂದುಕೊಂಡೆ ನಾನು. ಅಷ್ಟರಲ್ಲಿ ಹೊತ್ತು ಮೀರಿಹೋಗಿತ್ತು.

"ಇನ್‌ಕ್ಯೂರೇಬಲ್! ಗುಣ ಆಗುವುದಿಲ್ಲ!"

ಗೇರುಮರದಿಂದ ಕಾಗೆಗಳು ಹಾರಿದವು. ಡಾಕ್ಟರರ ಕಪ್ಪಿನ ಚಹ ಕೋಟಿಗೆ ಚೆಲ್ಲಿತು. "ಅನ್‌ಕಾನ್ಷಿಯಸ್! ಎಚ್ಚರ ಇಲ್ಲ! ಇಮ್ಮೊಬೈಲ್! ಅಲ್ಲಾಡ್ಲಿಕ್ಕೆ ಆಗುವುದಿಲ್ಲ!" ಮೇಟ್ರನ್ ಚೀಟಿ ತೋರಿಸುವುದನ್ನು ಮರೆತರೂ ಚಿಕ್ಕಮ್ಮ ನಿಲ್ಲಲಿಲ್ಲ, ಅವಳಿಗೆ ನಾಲ್ಕೂ ಹಾಳೆ ಸಾಲಾಗಿ ಬರುತ್ತಿತ್ತು. ಮಲಗಿದವರಿಗೆ ಕೇಳಿಸಬಾರದೆಂದು ಹೊರಗೆ ಬಂದವಳು ಅವಳು. ಈಗ ವಾರ್ಡಿನ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡು, ಎಲ್ಲ ರೋಗಿಗಳೂ ಸರಳು ಹಿಡಿದು ಇಣುಕುತ್ತಿದ್ದರು. ಹೂಡೆಯ ಕಡೆಯ ಒಬ್ಬರು ಅಜ್ಜಿ, ತಲೆಗೆ ಸೆರಗು ಎಳೆದುಕೊಂಡು, "ಎಲೆಕ್ಷನ್ ಉಂಟಾ?" ಎಂದು ಕೇಳಿದರು. ತೋಟದ ಮಾಲಿ ಪೈಪು ಬಿಟ್ಟು ಓಡಿಬಂದ. ಪೈಪು ತನ್ನಷ್ಟಕ್ಕೆ ತಾನು ಕುಣಿದು ಅವನನ್ನೇ ತೋಯಿಸಿತು.

"ಮೆಲ್ಲ, ಮೆಲ್ಲ ಮಾರಾಯ್ತಿ!" ಮೇಟ್ರನ್ ಎರಡೂ ಕೈಯೆತ್ತಿದರು. ಆಮೇಲೆ ನಕ್ಕರು. ಕನ್ನಡಕ ತೆಗೆದು, ಗೇರುಮರಕ್ಕೆ ಕೈಯಾನಿಸಿ, ಹೊಟ್ಟೆ ಹಿಡಿದು ನಕ್ಕರು. ಡಾಕ್ಟರರೂ ನಕ್ಕರು, ನಾನೂ ನಕ್ಕೆ. ಕಿಟಕಿಗಳೂ ನಗತೊಡಗಿದವು. ಚಿಕ್ಕಮ್ಮ ಮಾತ್ರ ನಗಲಿಲ್ಲ. ಎಲ್ಲ ಮುಗಿಯಿತು ಎಂದು ಅವಳ ಮುಖ ಬಾಡಿತ್ತು.

ಮೇಟ್ರನ್ ಕಣ್ಣೊರೆಸಿಕೊಂಡು ಸಮಾಧಾನವಾದ ಮೇಲೆ ಒಂದು ಪ್ರಶ್ನೆ ಕೇಳಿದರು. "ನಾಳೆ ಒಂದು ಕಾಗದ ಬಂತು, ಅದರಲ್ಲಿ ಈ ಪದ ಉಂಟು. ರೋಗಿಯ ಮನೆಯವರು ನಿನ್ನ ಮೇಜಿನ ಎದುರು ನಿಂತಿದ್ದಾರೆ. ಆಗ ಎಂತ ಮಾಡ್ತೀ?"

ಚಿಕ್ಕಮ್ಮ ಯೋಚಿಸಲೇ ಇಲ್ಲ. "ಹೊರಗೆ ಕರ್ಕೊಂಡು ಬರ್ತೇನೆ ಸಿಸ್ಟರ್. ಮೊದಲು ಊಟ ಆಯ್ತಾ ಕೇಳ್ತೇನೆ. ಕೂರಿಸಿ, ನೀರು ಕೊಟ್ಟು, ಡಾಕ್ಟ್ರನ್ನು ಕರೀತೇನೆ. ಮಲಗಿದವರಿಗೆ ಕೇಳಿಸ್ಬಾರದು." ಮತ್ತೆ ಸೇರಿಸಿದಳು. "ಇವತ್ತಿನ ಹಾಗೆ ಬೊಬ್ಬೆ ಹಾಕುವುದಿಲ್ಲ."

ಯಾರೂ ನಗಲಿಲ್ಲ. ಡಾಕ್ಟರರು ಕಪ್ಪನ್ನು ಗೇರುಮರದ ಕಟ್ಟೆಯ ಮೇಲಿಟ್ಟು, "ಇವಳಿಗೆ ಕೆಲಸದ ಫಾರಂ ಕೊಡಿ" ಎಂದು ಮೇಟ್ರನ್‌ಗೆ ಹೇಳಿ ಒಳಗೆ ಹೋದರು.

ಉಡುಪಿಯಲ್ಲಿ ಬಸ್ಸು ಬದಲಾಯಿಸುವಾಗ ಚಿಕ್ಕಮ್ಮ ನನಗೆ ಐಸ್‌ಕ್ರೀಮ್ ಕೊಡಿಸಿದಳು, ತನಗೂ ಒಂದು ತೆಗೆದುಕೊಂಡಳು, ಅರ್ಧ ತಿಂದು ಅದನ್ನೂ ನನಗೇ ಕೊಟ್ಟಳು. ಕಾಪು ಬರುವವರೆಗೂ ನಾವಿಬ್ಬರೂ ಕಾರಣವಿಲ್ಲದೆ ನಗುತ್ತಿದ್ದೆವು. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ. ಫಾರಂ ಅವಳ ಕೈಚೀಲದಲ್ಲಿತ್ತು. ಓದಿರಲಿಲ್ಲ.

ಮನೆ ಮುಟ್ಟುವಾಗ ಅಜ್ಜಿ ದೀಪ ಹಚ್ಚುತ್ತಿದ್ದರು. ಗೇರುಮರದ ಕಥೆ ಕೇಳಿ ಅವರೂ ನಕ್ಕು ನಕ್ಕು ಕಂಬ ಹಿಡಿದುಕೊಂಡರು. ಚಿಕ್ಕಮ್ಮ ದೀಪದ ಎದುರು ಕುಳಿತು ಫಾರಂ ಬಿಡಿಸಿದಳು. ಒಂದೊಂದೇ ಸಾಲು ಅವಳೇ ಓದಿ, ಅವಳೇ ಅರ್ಥ ಹೇಳಿ, ಬರೆಯತೊಡಗಿದಳು. ಹೆಸರು. ತಂದೆಯ ಹೆಸರು. ಊರು. ವಯಸ್ಸು. ನಾನು ಗುರುವಿನ ಗತ್ತಿನಲ್ಲಿ ಹೆಗಲ ಮೇಲಿಂದ ನೋಡುತ್ತಿದ್ದೆ. ಐದನೆಯ ಸಾಲು ನನಗೆ ಅವಳಿಗಿಂತ ಮೊದಲೇ ಕಂಡಿತು. ಈ ಕೆಲಸ ಇಂಥವರಿಗೆ ಮಾತ್ರ, ಮುಂದೆಯೂ ಹಾಗೆಯೇ ಇರುವವರಿಗೆ ಮಾತ್ರ ಎಂದು ಅಲ್ಲಿ ಅಚ್ಚಾಗಿತ್ತು. ಆ ಪದ ನಮ್ಮ ಯಾವ ಹಾಳೆಯಲ್ಲೂ ಇರಲಿಲ್ಲ. ನಾನು ಕಲಿಸಿರಲಿಲ್ಲ. "ಇದನ್ನು ಹೊರಗೆ ಹೋಗಿ ಓದುವ ಚಿಕ್ಕಮ್ಮ" ಎಂದೆ.

ಅವಳು ಕೇಳಲಿಲ್ಲ. ಬೆರಳಿಟ್ಟು ಟೊಪ್ಪಿ ಬೇರೆ, ಪದ ಬೇರೆ ಮಾಡಿ ಓದಿದಳು. "ಅನ್‌ಮ್ಯಾರೀಡ್."

"ಹಾಗಂದ್ರೆ ಎಂತದು?" ಎಂದರು ಅಜ್ಜಿ.

"ಮದುವೆ ಆಗದವಳು ಅಮ್ಮ."

ಅಜ್ಜಿಯ ನಗು ನಿಂತಿತು. ಕೆಲಸ ಸಿಕ್ಕಿದ ಮೇಲೆ, ಕಾರ್ಕಳ ತಪ್ಪಿದರೂ ಬೇರೆ ಯಾವುದಾದರೂ ಊರು ಉಂಟು ಎಂದು ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಎಂದು ಈಗ ನನಗೆ ಅನ್ನಿಸುತ್ತದೆ. ಚಿಕ್ಕಮ್ಮ ಪೆನ್ನು ಹಿಡಿದು ಕಾಯುತ್ತಿದ್ದಳು.

"ಅದನ್ನು ಬರೆದರೆ ಮಾತ್ರ ಕೆಲಸವಾ?"

"ಹೌದಮ್ಮ."

"ಇರುವಷ್ಟು ದಿನವೂ?"

"ಹೌದು."

ಅಜ್ಜಿ ದೀಪದ ಬತ್ತಿಯನ್ನು ಸ್ವಲ್ಪ ಮುಂದೆ ಸರಿಸಿದರು, ಮತ್ತೆ ಸ್ವಲ್ಪ ಹಿಂದೆ ಸರಿಸಿದರು. "ನಿನಗೆ ಅದು ಒಳಗಿನ ಪದವಾ, ಹೊರಗಿನದ್ದಾ?" ಎಂದು ಕೇಳಿದರು. ತೀರ್ಪು ಹೇಳುವ ಮೊದಲು ಅವರು ಯಾರನ್ನಾದರೂ ಕೇಳಿದ್ದು ಅದೇ ಮೊದಲು.

"ಒಳಗಿನದ್ದು ಅಮ್ಮ" ಎಂದಳು ಚಿಕ್ಕಮ್ಮ.

"ಬರೆ" ಎಂದರು ಅಜ್ಜಿ.

ಚಿಕ್ಕಮ್ಮ ಬರೆದಳು. ಅಕ್ಷರ ದಪ್ಪವಾಗಿ, ಸಾಲು ಮೀರಿ ಬಂತು. ಅಜ್ಜಿ ಎದ್ದು ಒಳಗೆ ಹೋಗಿ ಪೆಟ್ಟಿಗೆಯಿಂದ ಹೊರಗೆ ಹೋಗುವಾಗ ಉಡುವ ಸೀರೆ ತೆಗೆದು, ಕೊಡವಿ, ನಾಳೆಗೆಂದು ಹಗ್ಗದ ಮೇಲೆ ಹಾಕಿದರು. ಆಮೇಲೆ ನನ್ನನ್ನು ಕರೆದರು.

"ನಾಳೆ ನನ್ನ ಜೊತೆ ಕಾರ್ಕಳಕ್ಕೆ ಬಾ. ಅವರ ತಡಮೆಯ ಹೊರಗೇ ನಿಂತು, ಮಾಡಿನ ಕೆಳಗೆ ಆಡಬಾರದ ಆ ಮಾತನ್ನು ನಾನೇ ಹೇಳಿ ಬರ್ತೇನೆ, ಮನೆಯೊಳಗೆ ಎಷ್ಟು ಕರೆದರೂ ಸರಿ. ಮೊದಲ ಬಸ್ಸು ಎಷ್ಟು ಹೊತ್ತಿಗೆ ಉಂಟು?"